ಕಣಜವೂ ಕಮ್ಮಟವೂ: ಕ್ಯಾಲ್ಸಿಯಂ ಮತ್ತು ಶಾಪರೋನ್ ಪ್ರೋಟೀನುಗಳು

ಜೀವಕೋಶದಲ್ಲಿ ಹೊಸದಾಗಿ ಹುಟ್ಟುವ ಪ್ರೋಟೀನು ಸರಿಯಾದ ಆಕಾರಕ್ಕೆ ಮಡಿಕೆಗೊಳ್ಳಲು ನೆರವಾಗಿ, ಕೆಲಸ ಮುಗಿದೊಡನೆ ಅದನ್ನು ಬಿಟ್ಟು ಸರಿಯುವ ಪ್ರೋಟೀನುಗಳಿಗೆ ಶಾಪರೋನ್ ಎಂದು ಹೆಸರು. ಇವುಗಳಲ್ಲಿ ದೊಡ್ಡದೊಂದು ಬಳಗ ವಾಸಿಸುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಪೊರೆಯ ಚೀಲ, ಕೊಳವೆಗಳ ಜಾಲದಲ್ಲಿ. ಜೀವವಿಜ್ಞಾನಿಗಳ ಮಾತಿನಲ್ಲಿ ಅದು ಚುಟುಕಾಗಿ ಇ.ಆರ್. ಇನ್ಸುಲಿನ್, ಪ್ರತಿಕಾಯಗಳು, ಹಾರ್ಮೋನುಗಳ ಗ್ರಾಹಕಗಳು ಮೊದಲಾಗಿ ಕೋಶದ ಹೊರಕ್ಕೆ ಹೋಗಬೇಕಾದ ಅಥವಾ ಅದರ ಹೊರಪೊರೆಯಲ್ಲಿ ನೆಲೆಸಬೇಕಾದ ಪ್ರೋಟೀನುಗಳು ರೂಪ ತಾಳುವ ಕಮ್ಮಟ ಇದು. ಕೋಶದ ಕ್ಯಾಲ್ಸಿಯಂ ಕಣಜವೂ ಇದೇ. ಹೀಗಾಗಿ ಸಂದೇಶ ಕಳಿಸಲೆಂದು ಕೋಶ ಕಣಜದ ಬಾಗಿಲು ತೆರೆದಾಗಲೆಲ್ಲ ಕಮ್ಮಟದ ಕೆಲಸಗಾರರ ಸುತ್ತಲಿನ ಕ್ಯಾಲ್ಸಿಯಂ ಕೂಡ ಇಳಿಯುತ್ತದೆ. ಆ ಇಳಿತಕ್ಕೆ ಶಾಪರೋನುಗಳು ಏನು ಮಾಡುತ್ತವೆ, ಅವು ತಿರುಗಿ ಕಣಜದ ಬೀಗವನ್ನು ಹೇಗೆ ಕಾಯುತ್ತವೆ ಎಂಬುದು ಈ ಲೇಖನದ ವಿಷಯ.

ಕ್ಯಾಲ್ಸಿಯಂ ಎಂದೊಡನೆ ನಮಗೆ ನೆನಪಾಗುವುದು ಮೂಳೆ, ಹಲ್ಲು, ಹಾಲು, ರಾಗಿ. ತಪ್ಪೇನಿಲ್ಲ. ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲುಗಳಲ್ಲೇ ಇದೆ. ಇಲ್ಲಿ ಹೇಳಹೊರಟಿರುವುದು ಉಳಿದ ಒಂದು ಪಾಲಿನಲ್ಲೂ ಒಂದು ಚಿಕ್ಕ ಅಂಶದ ಕತೆ. ಎರಡು ಮುದ್ದೆ ಹೆಚ್ಚಿಗೆ ಉಂಡ ಮಾತ್ರಕ್ಕೆ ಈ ಕಣಜ ತುಂಬುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಹಾರ್ಮೋನುಗಳು ಬಿಗಿಯಾಗಿ ಹಿಡಿದಿಟ್ಟಿರುತ್ತವೆ. ಅಲ್ಲಿಂದ ಮುಂದೆ ಪ್ರತಿ ಕೋಶವೂ ತನ್ನ ಲೆಕ್ಕವನ್ನು ತಾನೇ ನೋಡಿಕೊಳ್ಳುತ್ತದೆ.

ಕ್ಯಾಲ್ಸಿಯಂಗೆ ಮೂಳೆಯ ಆಚೆಗೂ ಕೆಲಸವಿದೆ ಎಂದು ಗೊತ್ತಾದದ್ದು ಒಂದು ಎಡವಟ್ಟಿನಿಂದ. 1880ರ ದಶಕದ ಆರಂಭದಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಹೊರತೆಗೆದು ಉಪ್ಪುನೀರಿನಲ್ಲಿ ಮಿಡಿಯುವಂತೆ ಮಾಡಿದ್ದ. ಆಮೇಲೆ ತಿಳಿದದ್ದೇನೆಂದರೆ, ಆ ದ್ರಾವಣವನ್ನು ಬಟ್ಟಿ ಇಳಿಸಿದ ನೀರಿನ ಬದಲು ನಲ್ಲಿಯ ನೀರಿನಲ್ಲಿ ಕಲಸಲಾಗಿತ್ತು. ಶುದ್ಧ ನೀರು ಬಳಸಿದಾಗ ಹೃದಯ ನಿಂತುಹೋಯಿತು. ಲಂಡನ್ನಿನ ಗಡಸು ನೀರಿನಲ್ಲಿದ್ದ ಕ್ಯಾಲ್ಸಿಯಂ ಅದನ್ನು ಮಿಡಿಸುತ್ತಿತ್ತು ಎಂದು ರಿಂಗರ್ 1883ರಲ್ಲಿ ಪ್ರಕಟಿಸಿದ. ಇಂದಿಗೂ ಆಸ್ಪತ್ರೆಗಳಲ್ಲಿ ಡ್ರಿಪ್ ಹಾಕುವ ರಿಂಗರ್ಸ್ ಲ್ಯಾಕ್ಟೇಟ್ ಬಾಟಲಿಯ ಮೇಲೆ ಅವನ ಹೆಸರಿದೆ.

ಕಣಜದ ಅಳತೆಗೆ ಬರೋಣ. ಕೋಶದ ಹೊರಗಿನ ದ್ರವದಲ್ಲಿ ಬಿಡುಬೀಸಾಗಿರುವ ಕ್ಯಾಲ್ಸಿಯಂ ಪ್ರಮಾಣ ಒಂದು ಮಿಲಿಮೋಲಾರಿಗೆ ತುಸು ಹೆಚ್ಚು. ಕೋಶದ ಒಳರಸದಲ್ಲಿ, ಅಂದರೆ ಸೈಟೊಸೋಲಿನಲ್ಲಿ, ಅದು ಸುಮಾರು 100 ನ್ಯಾನೊಮೋಲಾರ್ ಮಾತ್ರ, ಹೊರಗಿನದರ ಹತ್ತು ಸಾವಿರದಲ್ಲಿ ಒಂದು ಪಾಲು. ಇಷ್ಟು ಕಡಿಮೆ ಇಡಲು ಕಾರಣವಿದೆ. ಕೋಶದ ಶಕ್ತಿವ್ಯವಹಾರವೆಲ್ಲ ಫಾಸ್ಫೇಟಿನ ಮೇಲೆ ನಿಂತಿದೆ. ಕ್ಯಾಲ್ಸಿಯಂ ಹೆಚ್ಚಾದರೆ ಎರಡೂ ಸೇರಿ ಸುಣ್ಣದ ಹರಳಿನಂತೆ ಗಟ್ಟಿಯಾಗಿ ಕೂತುಬಿಡುತ್ತವೆ. ಇದೇ ರಸಾಯನ ಮೂಳೆಯಲ್ಲಿ ವರ, ಕೋಶದೊಳಗೆ ಸಾವು.

ಇ.ಆರ್. ಒಳಗಿನ ಅಳತೆ ಬಹುಕಾಲ ಕೈಗೆ ಸಿಕ್ಕಿರಲಿಲ್ಲ. 1997ರಲ್ಲಿ ರೋಜರ್ ತ್ಸಿಯೆನ್ ಪ್ರಯೋಗಾಲಯದ ಅತ್ಸುಶಿ ಮಿಯಾವಾಕಿ ಮತ್ತು ಸಂಗಡಿಗರು ಕ್ಯಾಲ್ಸಿಯಂ ತಗುಲಿದಾಗ ಬಣ್ಣ ಬದಲಿಸುವ ಪ್ರೋಟೀನೊಂದನ್ನು ಕಟ್ಟಿದರು. ಊಸರವಳ್ಳಿಯ ನೆನಪಿಗೆ ಅದಕ್ಕೆ ಕ್ಯಾಮೀಲಿಯನ್ ಎಂದು ಹೆಸರಿಟ್ಟರು. ಅದನ್ನು ಇ.ಆರ್. ಒಳಗೆ ಕಳಿಸಿದಾಗ, ಕೋಶ ಸುಮ್ಮನಿರುವಾಗ 60ರಿಂದ 400 ಮೈಕ್ರೋಮೋಲಾರ್, ಉದ್ರೇಕಗೊಂಡಾಗ 1ರಿಂದ 50 ಮೈಕ್ರೋಮೋಲಾರ್ ಎಂಬ ಉತ್ತರ ಬಂತು. ಅಂದರೆ ಕಣಜದ ತಳ ಕಾಣುವಷ್ಟು ಖಾಲಿಯಾಗುವುದು ಕೋಶದ ದಿನನಿತ್ಯದ ಬಾಳಿನಲ್ಲೇ ಇದೆ.

ತುಂಬಿಸುವ ಕೆಲಸ ಸರ್ಕಾ ಎಂಬ ಪಂಪಿನದು. ಕೋಶದ ಶಕ್ತಿನಾಣ್ಯವಾದ ಎಟಿಪಿಯ ಒಂದು ಅಣು ಖರ್ಚು ಮಾಡಿ ಎರಡು ಕ್ಯಾಲ್ಸಿಯಂ ಅಯಾನುಗಳನ್ನು ಅದು ಒಳಕ್ಕೆ ಎತ್ತಿಹಾಕುತ್ತದೆ. ಹೊರಬಿಡುವ ತೂಬುಗಳಲ್ಲಿ ಮುಖ್ಯವಾದದ್ದು ಐಪಿ3 ಗ್ರಾಹಕ. ಹಾರ್ಮೋನು ಬಂದು ಹೊರಪೊರೆಗೆ ತಟ್ಟಿದಾಗ ಐಪಿ3 ಎಂಬ ಪುಟ್ಟ ಅಣು ಒಳಗೆ ಹುಟ್ಟಿ, ಈ ತೂಬನ್ನು ತೆರೆದು ಕ್ಯಾಲ್ಸಿಯಂ ಹರಿಸುತ್ತದೆ ಎಂಬುದನ್ನು 1983ರಲ್ಲಿ ಮೈಕೆಲ್ ಬೆರಿಡ್ಜ್ ಮತ್ತು ಸಹೋದ್ಯೋಗಿಗಳು ಮೇದೋಜೀರಕ ಗ್ರಂಥಿಯ ಕೋಶಗಳಲ್ಲಿ ತೋರಿಸಿದರು.

ಶಾಪರೋನ್ ಎಂಬ ಪದ ಬಂದದ್ದು ಯುರೋಪಿನ ಸಿರಿವಂತ ಮನೆಗಳಿಂದ. ಮದುವೆಯಾಗದ ಹುಡುಗಿ ಹೊರಗೆ ಹೋದರೆ ಜೊತೆಗೆ ಕಾವಲಿಗೆ ಹೋಗುವ ಹಿರಿಯ ಹೆಂಗಸು ಅವಳು. ಕಪ್ಪೆಯ ಮೊಟ್ಟೆಯ ಪ್ರೋಟೀನೊಂದನ್ನು ಬಣ್ಣಿಸಲು ರಾನ್ ಲಾಸ್ಕಿ 1978ರಲ್ಲಿ ಈ ಪದವನ್ನು ಮೊದಲು ಬಳಸಿದರು; 1987ರಲ್ಲಿ ಜಾನ್ ಎಲ್ಲಿಸ್ ಅದನ್ನು ಇಡೀ ಬಳಗಕ್ಕೆ ವಿಸ್ತರಿಸಿದರು. ಹೊಸ ಪ್ರೋಟೀನಿನ ಎಣ್ಣೆಜಿಡ್ಡಿನ ಗುಣದ ಭಾಗಗಳು, ಮಡಿಕೆ ಪೂರ್ತಿಯಾಗುವ ಮುನ್ನ, ಪಕ್ಕದ ಪ್ರೋಟೀನಿಗೆ ಅಂಟಿಕೊಳ್ಳಲು ತವಕಿಸುತ್ತವೆ. ಆ ಬೇಡದ ನಂಟನ್ನು ತಪ್ಪಿಸುವುದೇ ಶಾಪರೋನಿನ ಕೆಲಸವಾದ್ದರಿಂದ ಹೋಲಿಕೆ ಒಪ್ಪುತ್ತದೆ. ಆದರೂ ಕನ್ನಡದವರಿಗೆ ಸೂಲಗಿತ್ತಿ ಇನ್ನೂ ಹತ್ತಿರದ ಹೋಲಿಕೆ ಎನ್ನಬಹುದು: ಹುಟ್ಟುವ ಹೊತ್ತಿಗೆ ಬರುತ್ತಾಳೆ, ಕೂಸಿನ ಮೈಕೈ ನೆಟ್ಟಗಿದೆಯೇ ನೋಡುತ್ತಾಳೆ, ಮುಂದಿನ ಮನೆಗೆ ಹೊರಡುತ್ತಾಳೆ.

ಈ ಸೂಲಗಿತ್ತಿಯರಲ್ಲಿ ಕ್ಯಾಲ್ಸಿಯಂ ಜೊತೆ ಅತಿ ಗಾಢವಾದ ನಂಟು ಕ್ಯಾಲ್ರೆಟಿಕ್ಯುಲಿನ್‌ದು. ಅದರ ಚರಿತ್ರೆಯೇ ಸ್ವಾರಸ್ಯಕರ. 1974ರಲ್ಲಿ ಟೊರಾಂಟೊದಲ್ಲಿ ಆಸ್ಟ್‌ವಾಲ್ಡ್ ಮತ್ತು ಡೇವಿಡ್ ಮೆಕ್ಲೆನನ್ ಅದನ್ನು ಸ್ನಾಯುವಿನಿಂದ ಬೇರ್ಪಡಿಸಿದಾಗ ಅದು ಬರೀ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನು. ಹದಿನೈದು ವರ್ಷ ಬಿಟ್ಟು, 1989ರಲ್ಲಿ ಅದರ ವಂಶವಾಹಿಯನ್ನು ಓದಿದ ಮೇಲೆಯೇ ಈಗಿನ ಹೆಸರು ಬಂದದ್ದು. ಅದು ಶಾಪರೋನ್ ಕೂಡ ಎಂದು ಗೊತ್ತಾಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಹೀಗೆ ಒಂದೇ ವ್ಯಕ್ತಿಯನ್ನು ಒಂದು ಬೀದಿಯವರು ಕಣಜದ ಕಾವಲುಗಾರ ಎಂದೂ, ಇನ್ನೊಂದು ಬೀದಿಯವರು ಕಸಬುದಾರ ಎಂದೂ ಕರೆಯುತ್ತಿದ್ದರು.

ಸುಮಾರು 400 ಅಮೈನೋ ಆಮ್ಲಗಳ ಈ ಪ್ರೋಟೀನಿಗೆ ಮೂರು ಭಾಗಗಳಿವೆ. ತಲೆಯ ಭಾಗ ಸಕ್ಕರೆಯ ಸರಪಣಿಯನ್ನು ಗುರುತಿಸುತ್ತದೆ. ನಡುವಿನದು ಕೊಕ್ಕೆಯಂತೆ ಚಾಚಿದ ತೋಳು. ಇಆರ್‌ಪಿ57 ಎಂಬ ಜೊತೆಗಾರ ಪ್ರೋಟೀನು ಬಂದು ಹಿಡಿಯುವುದು ಅದನ್ನೇ. ಕೊನೆಯದು ಬಾಲ. ಬಾಲದ ತುಂಬ ಋಣವಿದ್ಯುತ್ ಹೊತ್ತ ಆಮ್ಲೀಯ ಘಟಕಗಳು. ಧನವಿದ್ಯುತ್ತಿನ ಕ್ಯಾಲ್ಸಿಯಂ ಅಯಾನುಗಳು ಇಲ್ಲಿ ಇಪ್ಪತ್ತೈದಕ್ಕೂ ಹೆಚ್ಚು ಸಂಖ್ಯೆಯಲ್ಲಿ ಬಂದು ಕೂರುತ್ತವೆ, ಆದರೆ ಸಡಿಲವಾಗಿ. ಆ ಸಡಿಲತನದಲ್ಲೇ ಬಾಲದ ಉಪಯೋಗವಿದೆ. ಗಿರವಿ ಇಟ್ಟ ಒಡವೆಯನ್ನು ಬಿಡಿಸಿಕೊಳ್ಳಲು ಹೊತ್ತು ಬೇಕು. ಕೈಗಡ ಕೊಟ್ಟ ಹಣ ಕೇಳಿದ ತಕ್ಷಣ ಬರುತ್ತದೆ. ಕ್ಯಾಲ್ರೆಟಿಕ್ಯುಲಿನ್ ಬಾಲದಲ್ಲಿರುವುದು ಕೈಗಡ. ತೂಬು ತೆರೆದ ಕ್ಷಣ ಅದು ಕಳಚಿ ಹರಿಯುತ್ತದೆ. ಇ.ಆರ್.ನಲ್ಲಿ ಕೂಡಿಟ್ಟ ಕ್ಯಾಲ್ಸಿಯಂನ ಅರ್ಧದಷ್ಟನ್ನು ಈ ಒಂದೇ ಪ್ರೋಟೀನು ಹಿಡಿದಿರುತ್ತದೆ ಎಂಬ ಅಂದಾಜಿದೆ.

ಅದರ ಕಸಬು ಅರ್ಥವಾಗಬೇಕಾದರೆ ಸಕ್ಕರೆಯ ಚೀಟಿಯ ಪದ್ಧತಿಯನ್ನು ನೋಡಬೇಕು. ಇ.ಆರ್. ಹೊಕ್ಕ ಬಹುಪಾಲು ಪ್ರೋಟೀನುಗಳಿಗೆ ಹದಿನಾಲ್ಕು ಸಕ್ಕರೆ ಅಣುಗಳ ಗೊಂಚಲೊಂದನ್ನು ಅಂಟಿಸಲಾಗುತ್ತದೆ. ತುದಿಯಲ್ಲಿ ಮೂರು ಗ್ಲೂಕೋಸ್. ಕಿಣ್ವಗಳು ಎರಡನ್ನು ಕತ್ತರಿಸಿ ಒಂದನ್ನು ಉಳಿಸಿದಾಗ ಕ್ಯಾಲ್ರೆಟಿಕ್ಯುಲಿನ್ ಮತ್ತು ಪೊರೆಗೆ ಅಂಟಿಕೊಂಡೇ ಇರುವ ಅದರ ದಾಯಾದಿ ಕ್ಯಾಲ್ನೆಕ್ಸಿನ್ ಆ ಒಂದು ಗ್ಲೂಕೋಸನ್ನು ಹಿಡಿದುಕೊಳ್ಳುತ್ತವೆ. ಹಿಡಿತದಲ್ಲಿರುವಷ್ಟು ಹೊತ್ತು ಪ್ರೋಟೀನು ಮಡಿಕೆಗೊಳ್ಳುತ್ತದೆ. ಕೊನೆಯ ಗ್ಲೂಕೋಸೂ ಹೋದಾಗ ಬಿಡುಗಡೆ. ಆಗ ಯುಜಿಜಿಟಿ ಎಂಬ ಪರೀಕ್ಷಕ ಕಿಣ್ವ ಬಂದು ತಡವಿ ನೋಡುತ್ತದೆ. ಮಡಿಕೆ ಸರಿಯಿದ್ದರೆ ಮುಂದಕ್ಕೆ; ಸರಿಯಿಲ್ಲದಿದ್ದರೆ ಮತ್ತೊಂದು ಗ್ಲೂಕೋಸನ್ನು ಅಂಟಿಸಿ ಪುನಃ ಕ್ಯಾಲ್ನೆಕ್ಸಿನ್ ಮುಂದೆ ಕೂರಿಸುತ್ತದೆ. ನಪಾಸಾದವನನ್ನು ಅದೇ ತರಗತಿಗೆ ಮರಳಿ ಕಳಿಸಿದ ಹಾಗೆ. ಈ ಪರೀಕ್ಷಕನನ್ನು ಕಂಡುಹಿಡಿದದ್ದು ಅರ್ಜೆಂಟೀನಾದ ಅರ್ಮಾಂಡೊ ಪರೋಡಿ; ಇಡೀ ಚಕ್ರದ ಚಿತ್ರ ಕೊಟ್ಟದ್ದು 1990ರ ದಶಕದಲ್ಲಿ ಆರಿ ಹೆಲೆನಿಯಸ್ ಗುಂಪು. ಇಲ್ಲಿ ಗಮನಿಸಬೇಕಾದದ್ದು, ಸಕ್ಕರೆ ಹಿಡಿಯುವ ಎರಡು ಶಾಪರೋನುಗಳಿಗೂ ಕ್ಯಾಲ್ಸಿಯಂ ಬೇಕು, ಪರೀಕ್ಷಕನಿಗೂ ಬೇಕು. ಕಣಜ ಬರಿದಾದರೆ ಪಾಠವೂ ಇಲ್ಲ, ಪರೀಕ್ಷೆಯೂ ಇಲ್ಲ.

ಕ್ಯಾಲ್ರೆಟಿಕ್ಯುಲಿನ್‌ನ ಎರಡು ಕಸಬುಗಳಲ್ಲಿ, ಕ್ಯಾಲ್ಸಿಯಂ ಕೂಡಿಡುವುದು ಮತ್ತು ಮಡಿಕೆಗೆ ನೆರವಾಗುವುದರಲ್ಲಿ, ಯಾವುದು ದೊಡ್ಡದು? ಇದಕ್ಕೆ ಸೊಗಸಾದ ಉತ್ತರ ಸಿಕ್ಕಿದ್ದು ಕೆನಡಾದ ಎಡ್ಮಂಟನ್ನಿನ ಮಾರೆಕ್ ಮಿಖಲಾಕ್ ಪ್ರಯೋಗಾಲಯದ ಇಲಿಗಳಿಂದ. 1999ರಲ್ಲಿ ಅಲ್ಲಿ ಕ್ಯಾಲ್ರೆಟಿಕ್ಯುಲಿನ್ ವಂಶವಾಹಿಯನ್ನೇ ತೆಗೆದುಹಾಕಿದ ಇಲಿಗಳನ್ನು ರೂಪಿಸಿದರು. ಮರಿಗಳು ಗರ್ಭದಲ್ಲೇ, ಎರಡು ವಾರ ತುಂಬುವ ಹೊತ್ತಿಗೆ, ಹೃದಯ ಸರಿಯಾಗಿ ಬೆಳೆಯದೆ ಸತ್ತವು. ಶಾಪರೋನ್ ಇಲ್ಲದೆ ಯಾವುದೋ ಪ್ರೋಟೀನು ಕೆಟ್ಟಿರಬೇಕು ಎಂದು ಯಾರಾದರೂ ಊಹಿಸಬಹುದಿತ್ತು. ಆದರೆ 2002ರಲ್ಲಿ ಅದೇ ಗುಂಪು, ಕ್ಯಾಲ್ಸಿಯಂ ಸಂಕೇತಕ್ಕೆ ಓಗೊಡುವ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಸದಾ ಚಾಲೂ ಇರುವಂತೆ ಮಾಡಿ ಮರಿಗಳ ಹೃದಯದಲ್ಲಿ ಇರಿಸಿತು. ಮರಿಗಳು ಬದುಕಿ ಹುಟ್ಟಿದವು. ಅಂದರೆ ಹೃದಯಕ್ಕೆ ಕೊರತೆಯಾಗಿದ್ದದ್ದು ಕಣಜದಿಂದ ಬರಬೇಕಾದ ಸಂಕೇತ. ಹಾಗೆಂದು ಶಾಪರೋನ್ ಕೆಲಸ ಬೇಡವೇ ಬೇಡ ಎಂದಲ್ಲ. ಬದುಕುಳಿದ ಮರಿಗಳು ಸರಿಯಾಗಿ ಬೆಳೆಯಲಿಲ್ಲ, ಅವುಗಳ ರಕ್ತದಲ್ಲಿ ಸಕ್ಕರೆ ಕುಸಿದು ಕೊಬ್ಬು ಏರಿತ್ತು. ಕ್ಯಾಲ್ರೆಟಿಕ್ಯುಲಿನ್ ಇಲ್ಲದ ಕೋಶಗಳಲ್ಲಿ ವೈರಸ್ಸಿನ ಚೂರುಗಳನ್ನು ರಕ್ಷಣಾ ವ್ಯವಸ್ಥೆಗೆ ತೋರಿಸುವ ಎಂಎಚ್‌ಸಿ ಪ್ರೋಟೀನುಗಳ ಜೋಡಣೆಯೂ ಕುಂಟುತ್ತದೆ ಎಂದು ಬೇರೊಂದು ಗುಂಪು ಅದೇ ವರ್ಷ ತೋರಿಸಿತು.

ಇ.ಆರ್.ನ ಶಾಪರೋನುಗಳಲ್ಲಿ ಇನ್ನೊಬ್ಬ ಯಜಮಾನ ಬಿಪ್. ಇದಕ್ಕೂ ಎರಡು ಹೆಸರು, ಎರಡು ಊರು. 1977ರಲ್ಲಿ ಐರಾ ಪಾಸ್ತಾನ್ ಗುಂಪು ಕೋಳಿಮರಿಯ ಕೋಶಗಳಿಗೆ ಗ್ಲೂಕೋಸ್ ತಪ್ಪಿಸಿದಾಗ ಎರಡು ಪ್ರೋಟೀನುಗಳು ಏರುವುದನ್ನು ಕಂಡಿತು. ಒಂದರ ತೂಕದಿಂದ ಜಿಆರ್‌ಪಿ78 ಎಂಬ ಹೆಸರು ಬಂತು. 1983ರಲ್ಲಿ ಹಾಸ್ ಮತ್ತು ವಾಬ್ಲ್ ಪ್ರತಿಕಾಯದ ಭಾರವಾದ ಸರಪಣಿಗೆ ಅಂಟಿಕೊಂಡು ಅದನ್ನು ಹೊರಹೋಗದಂತೆ ತಡೆಯುವ ಪ್ರೋಟೀನು ಕಂಡು ಬಿಪ್ ಎಂದರು. ಎರಡೂ ಒಂದೇ, ಮೇಲಾಗಿ ಬಿಸಿ ತಗುಲಿದಾಗ ಹೆಚ್ಚುವ ಎಚ್‌ಎಸ್‌ಪಿ70 ಕುಟುಂಬದ ಕುಡಿ ಎಂದು 1986ರಲ್ಲಿ ಶಾನ್ ಮನ್ರೊ ಮತ್ತು ಹ್ಯೂ ಪೆಲ್ಹ್ಯಾಮ್ ತೋರಿಸಿದರು.

ಬಿಪ್ ಕೆಲಸ ಮಾಡುವುದು ಇಕ್ಕಳದ ಹಾಗೆ. ಎಟಿಪಿ ಕೂತಾಗ ಬಾಯಿ ತೆರೆದಿರುತ್ತದೆ. ಎಟಿಪಿ ಒಡೆದು ಎಡಿಪಿ ಆದಾಗ ಬಾಯಿ ಮುಚ್ಚಿ ಮಡಿಕೆಯಾಗದ ಪ್ರೋಟೀನನ್ನು ಕಚ್ಚಿಕೊಳ್ಳುತ್ತದೆ. ಎಡಿಪಿ ಹೊರಬಿದ್ದು ಹೊಸ ಎಟಿಪಿ ಬಂದಾಗ ಬಿಡುತ್ತದೆ. ಕ್ಯಾಲ್ಸಿಯಂ ಇಲ್ಲಿ ಮಾಡುವುದು ಎಡಿಪಿಯನ್ನು ಗಟ್ಟಿಯಾಗಿ ಹಿಡಿದಿಡುವ ಕೆಲಸ. ಎಡಿಪಿ ತಡವಾಗಿ ಹೊರಟರೆ ಹಿಡಿತವೂ ಹೆಚ್ಚು ಹೊತ್ತು. ಕ್ಯಾಲ್ಸಿಯಂ ಕುಸಿದಾಗ ಎಡಿಪಿ ಬೇಗ ಜಾರುತ್ತದೆ, ಇಕ್ಕಳ ಬೇಗ ಸಡಿಲಗೊಳ್ಳುತ್ತದೆ, ಅರ್ಧ ಮಡಚಿದ ಪ್ರೋಟೀನು ಕೈಜಾರುತ್ತದೆ. 2020ರಲ್ಲಿ ಕೇಂಬ್ರಿಜ್‌ನ ಡೇವಿಡ್ ರಾನ್ ಗುಂಪು ಇದನ್ನು ಜೀವಂತ ಕೋಶಗಳಲ್ಲೂ ಪ್ರನಾಳದಲ್ಲೂ ತೋರಿಸಿತು. ಅದಕ್ಕೂ ಮೊದಲೇ, 1991ರಲ್ಲಿ, ರಕ್ಷಣಾ ವ್ಯವಸ್ಥೆಯ ಟಿ ಕೋಶದ ಗ್ರಾಹಕದ ಒಂದು ಸರಪಣಿಯನ್ನು ಬಿಪ್ ಹಿಡಿದಿಟ್ಟುಕೊಳ್ಳಲು ಕ್ಯಾಲ್ಸಿಯಂ ಬೇಕೆಂದು ಕಂಡಿತ್ತು. ಕಾರಣ ಸಿಗಲು ಮೂರು ದಶಕ ಹಿಡಿಯಿತು.

ಬಿಪ್ ಕೂಡ ಕಣಜಕ್ಕೆ ಹೆಗಲು ಕೊಡುತ್ತದೆ. ಒಂದು ಅಳತೆಯ ಪ್ರಕಾರ ಇ.ಆರ್. ಕೂಡಿಡುವ ಕ್ಯಾಲ್ಸಿಯಂನಲ್ಲಿ ಕಾಲುಭಾಗ ಅದರದೇ ಪಾಲು. ಜಿಆರ್‌ಪಿ94, ಪಿಡಿಐ ಮೊದಲಾದ ಇ.ಆರ್. ಶಾಪರೋನುಗಳೂ ತಂತಮ್ಮ ಶಕ್ತ್ಯನುಸಾರ ಹಿಡಿಯುತ್ತವೆ. ಸ್ನಾಯುವಿನಲ್ಲಿ ಮಾತ್ರ ಕತೆ ಬೇರೆ: ಅಲ್ಲಿ ಕ್ಯಾಲ್ಸಿಕ್ವೆಸ್ಟ್ರಿನ್ ಎಂಬ ಪ್ರೋಟೀನು ಕೂಡಿಡುವುದಕ್ಕೆಂದೇ ಮೀಸಲಾಗಿದೆ. ಕ್ಷಣಕ್ಷಣಕ್ಕೂ ತೆರೆದು ಮುಚ್ಚುವ ಕಣಜಕ್ಕೆ ಬೇರೆಯೇ ಶಾನುಭೋಗ ಬೇಕಾದದ್ದು ಸಹಜ.

ಶಾಪರೋನಿಗೆ ಮಾತ್ರವಲ್ಲ, ಅದರ ಕೈಕೆಳಗಿನ ಕೂಸಿಗೂ ಎಷ್ಟೋ ಸಲ ಕ್ಯಾಲ್ಸಿಯಂ ಬೇಕು. ಇದಕ್ಕೆ ಎಲ್‌ಡಿಎಲ್ ಗ್ರಾಹಕಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ರಕ್ತದ ಕೊಲೆಸ್ಟರಾಲನ್ನು ಕೋಶದೊಳಕ್ಕೆ ಎಳೆದುಕೊಳ್ಳುವ ಈ ಗ್ರಾಹಕದ ಕತೆಗೆ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ 1985ರ ನೊಬೆಲ್ ಪಡೆದರು. ಅದರ ಮುಂಗೈಯಲ್ಲಿ ಸುಮಾರು ನಲವತ್ತು ಅಮೈನೋ ಆಮ್ಲಗಳ ಏಳು ಮಣಿಗಳಿವೆ. ಪ್ರತಿ ಮಣಿಯಲ್ಲೂ ಆರು ಸಿಸ್ಟೀನ್‌ಗಳು ಜೋಡಿ ಜೋಡಿಯಾಗಿ ಗಂಧಕದ ಮೂರು ಕೊಂಡಿ ಹಾಕಿಕೊಳ್ಳಬೇಕು. ಆರನ್ನು ಜೋಡಿ ಮಾಡಲು 15 ದಾರಿಗಳಿವೆ, ಸರಿಯಾದದ್ದು ಒಂದೇ. 1996ರಲ್ಲಿ ಸ್ಟೀಫನ್ ಬ್ಲಾಕ್ಲೋ ಮತ್ತು ಪೀಟರ್ ಕಿಮ್ ಒಂದು ಮಣಿಯನ್ನು ಪ್ರನಾಳದಲ್ಲಿ ಮಡಚಿ ನೋಡಿದರು. ಕ್ಯಾಲ್ಸಿಯಂ ಇದ್ದಾಗ ಸರಿಯಾದ ಜೋಡಿಯೇ ಗೆದ್ದಿತು. ಇಲ್ಲದಾಗ ಅಡ್ಡಾದಿಡ್ಡಿ ಜೋಡಿಗಳ ಸಂತೆ. ವಂಶಪಾರಂಪರ್ಯವಾಗಿ ಕೊಲೆಸ್ಟರಾಲ್ ಏರುವ ಕೆಲವು ಕುಟುಂಬಗಳಲ್ಲಿ ಕೆಟ್ಟಿರುವುದು ಕ್ಯಾಲ್ಸಿಯಂ ಹಿಡಿಯುವ ಇದೇ ಜಾಗ. ಜೋಡಿ ತಪ್ಪಿದಾಗ ಬಿಡಿಸಿ ಮತ್ತೆ ಕಟ್ಟುವ ಕೆಲಸ ಪಿಡಿಐ ಬಳಗದ್ದು. ಯಾವ ಜೋಡಿ ಸರಿ ಎಂದು ನಿಲ್ಲಿಸುವುದು ಕ್ಯಾಲ್ಸಿಯಂ. ಇಬ್ಬರಲ್ಲಿ ಒಬ್ಬರು ತಪ್ಪಿದರೂ ಮಣಿ ಕೆಡುತ್ತದೆ.

ಇವೆಲ್ಲ ಗೊತ್ತಾಗಲು ಒಂದು ವಿಷದ ಗಿಡ ತುಂಬ ನೆರವಾಯಿತು. ಮೆಡಿಟರೇನಿಯನ್ ತೀರದಲ್ಲಿ ಬೆಳೆಯುವ, ಕ್ಯಾರೆಟ್ ಮತ್ತು ಕೊತ್ತಂಬರಿಯ ಕುಟುಂಬಕ್ಕೆ ಸೇರಿದ ಥಾಪ್ಸಿಯಾ ಗಾರ್ಗಾನಿಕಾ ಅದು. ಅದರ ಅಂಟು ಚರ್ಮಕ್ಕೆ ತಗುಲಿದರೆ ಬೊಬ್ಬೆ ಏಳುತ್ತದೆ. ನೋವಿಗೆ ಲೇಪವಾಗಿ ಹಳೆಯ ವೈದ್ಯರು ಅದನ್ನು ಬಳಸುತ್ತಿದ್ದರು. 1978ರಲ್ಲಿ ಡೆನ್ಮಾರ್ಕಿನ ರಸಾಯನ ವಿಜ್ಞಾನಿಗಳು ಅದರಿಂದ ಥಾಪ್ಸಿಗಾರ್ಗಿನ್ ಎಂಬ ಸತ್ವವನ್ನು ತೆಗೆದರು. 1990ರಲ್ಲಿ ಅದರ ಗುಟ್ಟು ತಿಳಿಯಿತು: ಅದು ಸರ್ಕಾ ಪಂಪನ್ನು ಹಿಡಿದು ನಿಲ್ಲಿಸುತ್ತದೆ. ತುಂಬಿಸುವವರಿಲ್ಲದ ಕಣಜ ನಿಮಿಷಗಳಲ್ಲಿ ಸೋರಿ ಬರಿದಾಗುತ್ತದೆ.

ಅಂಥ ಕೋಶದಲ್ಲಿ ಏನಾಗುತ್ತದೆ? 1990ರಲ್ಲಿ ಹಾರ್ವೆ ಲೋಡಿಷ್ ಮತ್ತು ಕಾಂಗ್, ಯಕೃತ್ತಿನ ಕೋಶಗಳಲ್ಲಿ ಕ್ಯಾಲ್ಸಿಯಂ ಕಲಕಿದಾಗ ಕೆಲವು ಪ್ರೋಟೀನುಗಳು ಇ.ಆರ್. ಬಿಟ್ಟು ಹೊರಡದೆ ಅಲ್ಲೇ ಉಳಿಯುವುದನ್ನು ಕಂಡರು. ಅದಕ್ಕೆ ಹಿಂದಿನ ವರ್ಷ ಕೇಂಬ್ರಿಜ್‌ನಲ್ಲಿ ಬೂತ್ ಮತ್ತು ಗಾರ್ಡನ್ ಕೋಚ್ ಇದರ ತದ್ವಿರುದ್ಧವನ್ನು ಕಂಡಿದ್ದರು: ಎಂದೂ ಹೊರಗೆ ಹೋಗಬಾರದ ಶಾಪರೋನುಗಳೇ ಕೋಶದ ಹೊರಕ್ಕೆ ಸೋರಿ ಬರುತ್ತಿದ್ದವು. ಹೊರಡಬೇಕಾದವರು ಒಳಗೆ, ಇರಬೇಕಾದವರು ಬೀದಿಗೆ.

ಕೋಶ ಕೈಕಟ್ಟಿ ಕೂರುವುದಿಲ್ಲ. ಮಡಿಕೆಯಾಗದ ಪ್ರೋಟೀನುಗಳ ರಾಶಿ ಬೆಳೆದಾಗ ಐಆರ್‌ಇ1, ಪರ್ಕ್, ಎಟಿಎಫ್6 ಎಂಬ ಮೂವರು ಪಹರೆಯವರು ಎಚ್ಚರಗೊಂಡು, ಹೊಸ ಪ್ರೋಟೀನು ತಯಾರಿಯನ್ನು ತಗ್ಗಿಸಿ, ಇನ್ನಷ್ಟು ಬಿಪ್ ಮತ್ತು ಇತರ ಶಾಪರೋನುಗಳನ್ನು ತಯಾರಿಸಲು ಕೋಶಕೇಂದ್ರಕ್ಕೆ ಸುದ್ದಿ ಕಳಿಸುತ್ತಾರೆ. ಈ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ಕಜುತೋಶಿ ಮೋರಿ ಮತ್ತು ಪೀಟರ್ ವಾಲ್ಟರ್ 2014ರ ಲಾಸ್ಕರ್ ಪ್ರಶಸ್ತಿ ಪಡೆದರು. ಪ್ರಯೋಗಾಲಯಗಳಲ್ಲಿ ಈ ಸ್ಥಿತಿಯನ್ನು ಬೇಕೆಂದಾಗ ಉಂಟುಮಾಡಲು ಇಂದಿಗೂ ಬಳಸುವ ಪದಾರ್ಥಗಳಲ್ಲಿ ಥಾಪ್ಸಿಗಾರ್ಗಿನ್ ಒಂದು. ಇನ್ನೊಂದೆಡೆ ಸ್ಟಿಮ್1 ಎಂಬ ಪ್ರೋಟೀನು ಕಣಜದ ಮಟ್ಟವನ್ನು ನೇರವಾಗಿ ಅಳೆಯುತ್ತಿರುತ್ತದೆ. ಮಟ್ಟ ಇಳಿದಾಗ ಹೊರಪೊರೆಯ ಒರಾಯ್ ಬಾಗಿಲನ್ನು ತೆರೆಸಿ ಹೊರಗಿನ ಕ್ಯಾಲ್ಸಿಯಂ ತರಿಸುತ್ತದೆ. 2005 ಮತ್ತು 2006ರಲ್ಲಿ ಒಂದರ ಹಿಂದೊಂದು ಸಿಕ್ಕ ಜೋಡಿ ಇದು.

ಶಾಪರೋನುಗಳು ತೂಬು ಮತ್ತು ಪಂಪಿನ ಮೇಲೆ ಕೈಯಿಡುವುದು ಈ ಕತೆಯ ಅತಿ ಸ್ವಾರಸ್ಯದ ಭಾಗ. 2005ರಲ್ಲಿ ಕತ್ಸುಹಿಕೋ ಮಿಕೋಶಿಬಾ ಗುಂಪು ಪಿಡಿಐ ಬಳಗದ ಇಆರ್‌ಪಿ44 ಐಪಿ3 ಗ್ರಾಹಕದ ಒಳಮುಖಕ್ಕೆ ಅಂಟಿ ತೂಬನ್ನು ತಡೆಹಿಡಿಯುವುದನ್ನು ತೋರಿಸಿತು. ಆ ಅಂಟು ಒಳಗಿನ ಕ್ಯಾಲ್ಸಿಯಂ ಮಟ್ಟಕ್ಕೆ ತಕ್ಕಂತೆ ಬದಲಾಗುತ್ತದೆ. 2007ರಲ್ಲಿ ಹಯಾಶಿ ಮತ್ತು ಸು, ಇ.ಆರ್. ಮತ್ತು ಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾ ಒಂದಕ್ಕೊಂದು ಒರಗುವ ಗಡಿಯಲ್ಲಿ ಸಿಗ್ಮಾ-1 ಗ್ರಾಹಕ ಎಂಬ ಶಾಪರೋನನ್ನು ಗುರುತಿಸಿದರು. ಕ್ಯಾಲ್ಸಿಯಂ ತುಂಬಿದ್ದಾಗ ಅದು ಬಿಪ್ ಜೊತೆ ತೆಪ್ಪಗಿರುತ್ತದೆ. ಮಟ್ಟ ಕುಸಿದಾಗ ಬಿಪ್ ಕೈಬಿಟ್ಟು, ಐಪಿ3 ಗ್ರಾಹಕವನ್ನು ಆಧರಿಸಿ, ಮೈಟೊಕಾಂಡ್ರಿಯಾಗಳಿಗೆ ಕ್ಯಾಲ್ಸಿಯಂ ಹರಿವು ನಿಲ್ಲದಂತೆ ನೋಡಿಕೊಳ್ಳುತ್ತದೆ. ಸರ್ಕಾ ಪಂಪಿನ ವೇಗವನ್ನೂ ಕ್ಯಾಲ್ನೆಕ್ಸಿನ್, ಇಆರ್‌ಪಿ57 ಮೊದಲಾದವು ಹದ್ದುಬಸ್ತಿನಲ್ಲಿಡುತ್ತವೆ. ಹೀಗೆ ನೋಡಿದಾಗ ಕಣಜದ ಕೀಲಿ ಕೆಲಸಗಾರರ ಸೊಂಟದಲ್ಲೇ ಇದೆ.

ಇತ್ತೀಚಿನ ಸುದ್ದಿ 2025ರದು. ಇ.ಆರ್.ನ ಶಾಪರೋನುಗಳು ಒಂಟಿಯಾಗಿ ಈಜಾಡುತ್ತಿರುತ್ತವೆ ಎಂಬ ಚಿತ್ರವನ್ನು ಬಾಸೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬದಲಿಸಿದರು. ಪಿಡಿಐಎ6 ಎಂಬ ಪ್ರೋಟೀನು ಕ್ಯಾಲ್ಸಿಯಂ ಸಿಕ್ಕಾಗ ತನ್ನಂಥವುಗಳ ಜೊತೆ ಸೇರಿ ಹನಿಗಟ್ಟುತ್ತದೆ, ಸಾರಿನ ಮೇಲೆ ತೇಲುವ ಒಗ್ಗರಣೆ ಎಣ್ಣೆಯ ಬೊಟ್ಟುಗಳ ಹಾಗೆ. ಬಿಪ್, ಜಿಆರ್‌ಪಿ94 ಮೊದಲಾದವು ಆ ಹನಿಯೊಳಗೆ ಬಂದು ಸೇರುತ್ತವೆ. ಇನ್ಸುಲಿನ್ನಿನ ಪೂರ್ವರೂಪವಾದ ಪ್ರೋಇನ್ಸುಲಿನ್ ಅಲ್ಲಿ ಹೆಚ್ಚು ಚೆನ್ನಾಗಿ ಮಡಿಕೆಗೊಳ್ಳುತ್ತದೆ.

ಇ.ಆರ್. ಹೊರಗೂ ಕ್ಯಾಲ್ಸಿಯಂ ಮಾತು ಕೇಳುವ ಶಾಪರೋನುಗಳು ಇಲ್ಲದಿಲ್ಲ. ಮಿದುಳಿನ ಎಸ್100ಬಿ ಪ್ರೋಟೀನು ಕ್ಯಾಲ್ಸಿಯಂ ಹಿಡಿದಾಗ ತನ್ನ ಮೈಯ ಒಂದು ಜಿಡ್ಡುಮುಖವನ್ನು ತೆರೆಯುತ್ತದೆ. ಆಲ್ಝೈಮರ್ ಕಾಯಿಲೆಯಲ್ಲಿ ಗರಣೆಗಟ್ಟುವ ಅಮೈಲಾಯ್ಡ್-ಬೀಟಾ ಆ ಮುಖಕ್ಕೆ ಅಂಟಿದಾಗ ಗರಣೆಗಟ್ಟುವಿಕೆ ನಿಧಾನವಾಗುತ್ತದೆ ಎಂದು 2018ರಲ್ಲಿ ಲಿಸ್ಬನ್ನಿನ ಕ್ಲಾಡಿಯೊ ಗೋಮೆಸ್ ಗುಂಪು ವರದಿ ಮಾಡಿತು. ಇದು ಪ್ರನಾಳದಲ್ಲಿ ಕಂಡದ್ದು. ಔಷಧಿ ಎಂದು ಓದಿಕೊಳ್ಳಬಾರದು.

ಕಣಜ ಕೆಟ್ಟ ಮನೆಯ ಲಕ್ಷಣ ಚರ್ಮದಲ್ಲಿ ಕಾಣುವುದು ಡೇರಿಯರ್ ಕಾಯಿಲೆಯಲ್ಲಿ. ಪ್ಯಾರಿಸ್ಸಿನ ಚರ್ಮವೈದ್ಯ ಡೇರಿಯರ್ 1889ರಲ್ಲಿ ಬಣ್ಣಿಸಿದ ಈ ಕಾಯಿಲೆಯಲ್ಲಿ ಎದೆ, ಬೆನ್ನು, ಹಣೆಯಂಚಿನಲ್ಲಿ ಒರಟಾದ, ಕಂದುಬಣ್ಣದ, ಎಣ್ಣೆಜಿಡ್ಡಿನ ಗುಳ್ಳೆಗಳು ಏಳುತ್ತವೆ. ಬಿಸಿಲು, ಬೆವರು, ಸೆಕೆಯಲ್ಲಿ ಕೆರಳುತ್ತವೆ. ಸರ್ಕಾ2 ಪಂಪಿನ ವಂಶವಾಹಿಯ ಒಂದು ಪ್ರತಿ ಕೆಟ್ಟಿರುವುದೇ ಕಾರಣವೆಂದು 1999ರಲ್ಲಿ ಪತ್ತೆಯಾಯಿತು. ಅರೆ ತುಂಬಿದ ಕಣಜದಲ್ಲಿ ಚರ್ಮದ ಕೋಶಗಳನ್ನು ಒಂದಕ್ಕೊಂದು ಹೊಲಿಯುವ ಪ್ರೋಟೀನುಗಳು ಸರಿಯಾಗಿ ತಯಾರಾಗಿ ಹೊರಪೊರೆ ಮುಟ್ಟುವುದಿಲ್ಲ, ಹೊಲಿಗೆ ಬಿಚ್ಚುತ್ತದೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗೋಶೆ ಎಂಬ ಬೇರೊಂದು ಕಾಯಿಲೆಗೆ ಕೊಡುವ ಮಿಗ್ಲುಸ್ಟಾಟ್ ಎಂಬ ಔಷಧಿ ಇಂಥ ರೋಗಿಗಳ ಕೋಶಗಳಿಗೆ ಪ್ರಯೋಗಾಲಯದ ತಟ್ಟೆಯಲ್ಲಿ ಸ್ವಲ್ಪಮಟ್ಟಿಗೆ ಹೊಲಿಗೆಯ ಬಲವನ್ನು ಮರಳಿಸಿತು ಎಂದು ಹೇಳಿತು. ಒಂದು ಪುಟ್ಟ ಅಣುವೇ ಇಲ್ಲಿ ಶಾಪರೋನಿನ ವೇಷ ತೊಟ್ಟಂತೆ ಕಾಣುತ್ತದೆ.

ಇನ್ನೊಂದು ಕತೆ ರಕ್ತದ್ದು. ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಮಿತಿಮೀರಿ ಹೆಚ್ಚುವ ಅಥವಾ ಮೂಳೆಯ ಮಜ್ಜೆ ನಾರುಗಟ್ಟುವ ಕೆಲವು ನಿಧಾನದ ಕ್ಯಾನ್ಸರುಗಳಿಗೆ ಕಾರಣವಾದ ಜಾಕ್2 ಎಂಬ ವಂಶವಾಹಿಯ ದೋಷ 2005ರಲ್ಲಿ ಸಿಕ್ಕಿತ್ತು. ಆದರೆ ಆ ದೋಷವಿಲ್ಲದ ರೋಗಿಗಳೂ ಬಹಳ ಮಂದಿ ಇದ್ದರು. 2013ರ ಡಿಸೆಂಬರಿನಲ್ಲಿ ಎರಡು ಗುಂಪುಗಳು ಏಕಕಾಲಕ್ಕೆ ಉತ್ತರ ಕೊಟ್ಟವು: ಅವರಲ್ಲಿ ಹೆಚ್ಚಿನವರಿಗೆ ಕೆಟ್ಟಿದ್ದದ್ದು ಕ್ಯಾಲ್ರೆಟಿಕ್ಯುಲಿನ್ ವಂಶವಾಹಿ, ಅದರಲ್ಲೂ ಬಾಲವನ್ನು ಬರೆಯುವ ಒಂಬತ್ತನೆಯ ತುಂಡು (ಎಕ್ಸಾನ್). ಯಾರೂ ನಿರೀಕ್ಷಿಸದ ಜಾಗ. ಕ್ಯಾಲ್ಸಿಯಂ ಹಿಡಿಯುವ ಕಣಜದ ಪ್ರೋಟೀನಿಗೂ ರಕ್ತದ ಕ್ಯಾನ್ಸರಿಗೂ ಏನು ನಂಟು? ವಂಶವಾಹಿಯಲ್ಲಿ 52 ಅಕ್ಷರ ಅಳಿದರೆ ಒಂದು ಬಗೆ, 5 ಅಕ್ಷರ ಸೇರಿದರೆ ಇನ್ನೊಂದು ಬಗೆ. ಎರಡರಲ್ಲೂ ಓದಿನ ಸಾಲು ಜಾರಿ ಬಾಲದ ತುದಿ ಬದಲಾಗುತ್ತದೆ. ಋಣವಿದ್ಯುತ್ತಿನ ಜಾಗಕ್ಕೆ ಧನವಿದ್ಯುತ್ ಬರುತ್ತದೆ, ಇ.ಆರ್.ನಲ್ಲೇ ಇರು ಎಂದು ಹೇಳುವ ನಾಲ್ಕು ಅಮೈನೋ ಆಮ್ಲಗಳ ಗುರುತೂ ಕಳೆದುಹೋಗುತ್ತದೆ. ಹೊಸ ಬಾಲದ ಕ್ಯಾಲ್ರೆಟಿಕ್ಯುಲಿನ್ ಪ್ಲೇಟ್‌ಲೆಟ್ ತಯಾರಿಯನ್ನು ಪ್ರಚೋದಿಸುವ ಥ್ರಾಂಬೊಪೊಯೆಟಿನ್ ಎಂಬ ಹಾರ್ಮೋನಿನ ಗ್ರಾಹಕಕ್ಕೆ ಜೋತುಬಿದ್ದು, ಹಾರ್ಮೋನು ಬಾರದಿದ್ದರೂ ಬಂದಂತೆ ಅದನ್ನು ಚಾಲೂ ಮಾಡುತ್ತದೆ. ಸಕ್ಕರೆ ಹಿಡಿಯುವ ತಲೆ ಸರಿಯಾಗಿಯೇ ಇರುತ್ತದೆ. ಗ್ರಾಹಕವನ್ನು ಅದು ಹಿಡಿಯುವುದೂ ಅದೇ ಕಸಬಿನ ಬಲದಿಂದ. ಸೂಲಗಿತ್ತಿ ಕೂಸನ್ನು ಬಿಡದೆ ಅದರ ಜೊತೆ ಮನೆ ಬಿಟ್ಟು ಹೊರಟಂತಾಯಿತು.

2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪರಿಷ್ಕರಿಸಿದ ವರ್ಗೀಕರಣದಲ್ಲಿ ಪ್ಲೇಟ್‌ಲೆಟ್ ಹೆಚ್ಚುವ ಮತ್ತು ಮಜ್ಜೆ ನಾರುಗಟ್ಟುವ ಈ ಎರಡು ಕಾಯಿಲೆಗಳನ್ನು ಗುರುತಿಸುವ ಮುಖ್ಯ ಮಾನದಂಡಗಳ ಪಟ್ಟಿಗೆ ಕ್ಯಾಲ್ರೆಟಿಕ್ಯುಲಿನ್ ದೋಷವೂ ಸೇರಿತು. ಕಾರಣವಿಲ್ಲದೆ ಪ್ಲೇಟ್‌ಲೆಟ್ ಏರಿದವರ ರಕ್ತದಲ್ಲಿ ಇಂದು ಜಾಕ್2 ಜೊತೆಗೆ ಆ ಬಾಲದ ವಂಶವಾಹಿಯನ್ನೂ ಓದಿ ನೋಡಲಾಗುತ್ತದೆ.